ಟೀಚರಮ್ಮ ಕಾದಂಬರಿ ಬರೆದರೆ...

ಕಕ್ಕಡ ಮಾಸದ ಮಳೆ ಹೇಗಿರುತ್ತದೆಂದು ಕೊಡಗಿನ ಸೋದರಿಯರಿಗೆ ನಾನು ಹೇಳಬೇಕಾಗಿಲ್ಲ. ಒಗೆದ ಬಟ್ಟೆ ವಾರವಾದರೂ ಒಣಗದು. ಒಲೆಯ ಮೇಲೆ ಹರವಿದರೆ ಹೊಗೆಯ ವಾಸನೆ. ಕರೆಂಟು ಹೋದರೆ ಮೂರು ದಿನಕ್ಕೆ ಬಂದರೂ ಪುಣ್ಯ. ಆದರೆ ಈ ಮಳೆಗಾಗಿಯೇ ಕಾದು ಕೂರುವವಳೊಬ್ಬಳು ನಮ್ಮ ಮನೆಯಲ್ಲಿದ್ದಾಳೆ. ಅವಳು ನನ್ನ ವಾರಗಿತ್ತಿ, ಪ್ರಾಥಮಿಕ ಶಾಲೆಯ ಟೀಚರ್. ಜಿಲ್ಲಾಧಿಕಾರಿಗಳು ಶಾಲೆಗೆ ಮಳೆ ರಜೆ ಕೊಟ್ಟರೆ ಮಕ್ಕಳಿಗಿಂತ ಹೆಚ್ಚು ಸಂತೋಷ ಅವಳಿಗೇ. ಯಾಕೆ ಗೊತ್ತೇ? ಅವಳು ಕಾದಂಬರಿ ಬರೆಯುತ್ತಿದ್ದಾಳೆ!

ಅತ್ತೆ ಸೊಸೆಯರ ಕಾದಂಬರಿ ಅಲ್ಲ ಮತ್ತೆ. ಮಂಜಿನ ಆಚೆಗೊಂದು ನಾಡು, ಅಲ್ಲಿ ಮಾತಾಡುವ ನದಿ, ದಾರಿ ತಪ್ಪಿ ಅಲ್ಲಿಗೆ ಹೋಗಿಬಿಟ್ಟ ಹತ್ತು ವರ್ಷದ ಹುಡುಗಿ. "ಇದೇನೇ, ಅಜ್ಜಿ ಕಥೆಯಾ?" ಎಂದು ನಾನೇ ಮೊದಲು ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಟೀಚರ್ ಕೆಲಸವೆಂದರೆ ಹತ್ತರಿಂದ ನಾಲ್ಕರವರೆಗೆ ಎಂದು ಹೊರಗಿನವರು ತಿಳಿದಿದ್ದಾರೆ. ಪಾಠದ ಟಿಪ್ಪಣಿ, ಬಿಸಿಯೂಟದ ಲೆಕ್ಕ, ಚುನಾವಣೆ ಬಂದರೆ ಅದರ ಕೆಲಸ, ಗಣತಿ ಬಂದರೆ ಅದರ ಕೆಲಸ. ಸಂಜೆ ಮನೆಗೆ ಬಂದರೆ ಅಡಿಗೆಮನೆ ಕಾದಿರುತ್ತದೆ. ಹಾಗಿದ್ದೂ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಗಂಟೆ ಕೂತು, ಎರಡು ವರ್ಷದಲ್ಲಿ ಇನ್ನೂರು ಪುಟದ ಮೂರು ನೋಟುಪುಸ್ತಕ ತುಂಬಿಸಿದಳು.

ಮೇಷ್ಟರಾಗಿದ್ದುಕೊಂಡು ಕಾದಂಬರಿ ಬರೆಯುವುದು ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಭಾರತೀಸುತರು ಯಾರು ಎಂದು ಇಂದಿನ ಮಕ್ಕಳನ್ನು ಕೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. 'ಎಡಕಲ್ಲು ಗುಡ್ಡದ ಮೇಲೆ' ಸಿನಿಮಾ ಎಂದರೆ ಮಾತ್ರ "ಓ!" ಎನ್ನುತ್ತಾರೆ. ಆ ಕಾದಂಬರಿಯ ಕರ್ತೃ ಕೊಡಗಿನ ಎಸ್.ಆರ್. ನಾರಾಯಣರಾಯರು, ವೃತ್ತಿಯಲ್ಲಿ ಕನ್ನಡ ಮೇಷ್ಟರು. 1915ರಲ್ಲಿ ಹುಟ್ಟಿ 1976ರಲ್ಲಿ ತೀರಿಕೊಂಡರು. 'ಎಡಕಲ್ಲು' 1973ರಲ್ಲಿ ತೆರೆಗೆ ಬಂತು. 'ಗಿರಿಕನ್ಯೆ' 1977ರಲ್ಲಿ, 'ಹುಲಿಯ ಹಾಲಿನ ಮೇವು' 1979ರಲ್ಲಿ. ಕೊನೆಯ ಎರಡನ್ನು ನೋಡಲು ಅವರೇ ಇರಲಿಲ್ಲ, ಪಾಪ. ಅವರದು ಮಾಯಾಲೋಕದ ಕಥೆಗಳಲ್ಲ, ನಿಜ. ಆದರೆ ಕರಿಹಲಗೆಯ ಮುಂದೆ ನಿಂತ ಕೈಯೇ ಕಾದಂಬರಿಯನ್ನೂ ಬರೆಯಿತಲ್ಲ, ಅದು ದೊಡ್ಡದು. ಕುವೆಂಪು ಅವರೂ ಕಾಲೇಜಿನ ಪಾಠ ಹೇಳುತ್ತಲೇ 'ಶ್ರೀ ರಾಮಾಯಣ ದರ್ಶನಂ' ಬರೆದರು. ಸುಮಾರು ಒಂಬತ್ತು ವರ್ಷ ಹಿಡಿಯಿತು.

ನನ್ನ ವಾರಗಿತ್ತಿ ತನ್ನ ನೋಟುಪುಸ್ತಕಗಳನ್ನು ಪುಸ್ತಕ ಪ್ರಕಟಿಸುವವರೊಬ್ಬರಿಗೆ ತೋರಿಸಿದಳು. ಅವರು ಹತ್ತು ಪುಟ ಮಗುಚಿ, "ಇಂಥದ್ದನ್ನು ಯಾರು ಓದ್ತಾರಮ್ಮ? ಏನಾದರೂ ಸಾಮಾಜಿಕ ಬರೀರಿ" ಎಂದರಂತೆ. ಆ ದಿನ ಮನೆಗೆ ಬಂದವಳು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನೀರು ಕಾಯಿಸಲು ಬಚ್ಚಲಿಗೆ ಹೋಗಿ ನೋಡುತ್ತೇನೆ, ಒಲೆಯ ಬಾಯಲ್ಲಿ ಮೂರು ನೋಟುಪುಸ್ತಕ! ಮಳೆಗಾಲದ ಹಸಿ ಸೌದೆ ನೋಡಿ, ಹೊತ್ತಿಕೊಂಡಿರಲಿಲ್ಲ. ಒಂದರ ಅಂಚು ಮಾತ್ರ ಕರಕಲಾಗಿತ್ತು. ಬೈಯಲಿಲ್ಲ, ಏನೂ ಕೇಳಲಿಲ್ಲ. ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬದ ಹಿಂದೆ ಇಟ್ಟೆ.

ಮಧ್ಯಾಹ್ನದ ಹೊತ್ತಿನಲ್ಲಿ ಓದತೊಡಗಿದೆ. ನಾನು ಹೈಸ್ಕೂಲಿಗೆ ಓದು ಮುಗಿಸಿದವಳು, ವಿಮರ್ಶೆ ಗಿಮರ್ಶೆ ಗೊತ್ತಿಲ್ಲ. ಆದರೂ ಸಾರಿಗೆ ಉಪ್ಪು ಸಾಲದಿದ್ದರೆ ತಿಳಿಯುವುದಿಲ್ಲವೇ? ಒಂದು ಅನುಮಾನ ಕಾಡಿತು. ವಾರ ಕಳೆದು ಅವಳು ಸ್ವಲ್ಪ ಸಮಾಧಾನವಾಗಿದ್ದಾಗ, ಕಡುಬಿಗೆ ಹಿಟ್ಟು ಉಂಡೆ ಮಾಡುತ್ತಾ ಕೇಳಿದೆ: "ಅಲ್ಲ ಕಣೇ, ಈ ಹುಡುಗಿಯ ಅವ್ವ ಎರಡನೇ ಅಧ್ಯಾಯದಲ್ಲಿ ನೀರು ತರೋಕೆ ಹೋದವಳು ಎಲ್ಲಿ ಹೋದಳು? ಮಗಳು ಮಂಜಿನಲ್ಲಿ ಕಳೆದುಹೋದರೆ ತಾಯಿ ಹುಡುಕೋದಿಲ್ವಾ?"

ಅವಳ ಕೈ ನಿಂತಿತು. ಪುಸ್ತಕ ಉಳಿದಿದೆ ಎಂಬುದೂ ಅವಳಿಗೆ ಆಗಲೇ ಗೊತ್ತಾದದ್ದು. "ಅಕ್ಕಾ..." ಎಂದವಳು ಎದ್ದು ಹೊರಗೆ ಹೋದಳು.

ಅವಳ ಅವ್ವ ತೀರಿಕೊಂಡಾಗ ಅವಳಿಗೂ ಹತ್ತೇ ವರ್ಷ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಆ ಮಾತನ್ನು ನಮ್ಮಲ್ಲಿ ಯಾರೊಡನೆಯೂ ಎತ್ತಿದವಳಲ್ಲ. ನನಗೂ ಅದು ಹೊಳೆದದ್ದು ಕೇಳಿಬಿಟ್ಟ ಮೇಲೆ.

ಅಂದು ರಾತ್ರಿಯೇ ಎರಡನೇ ಪ್ರತಿ ಶುರುವಾಯಿತು. ತಿದ್ದುವುದೆಂದರೆ ಕಾಗುಣಿತ ಸರಿಪಡಿಸುವುದು ಎಂದುಕೊಂಡಿದ್ದೆ. ಹಾಗಲ್ಲವಂತೆ. ಇಂಗ್ಲೆಂಡಿನಲ್ಲಿ ಟೋಲ್ಕಿನ್ ಎಂಬ ಮೇಷ್ಟರ ಕಥೆಯನ್ನು ಅವಳೇ ಹೇಳಿದ್ದು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರು. ಮೇಲುಸಂಪಾದನೆಗಾಗಿ ಬೇಸಿಗೆಯಲ್ಲಿ ಶಾಲಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ಹುಡುಗನೊಬ್ಬ ಖಾಲಿ ಬಿಟ್ಟಿದ್ದ ಹಾಳೆಯ ಮೇಲೆ ತೋಚಿದ ಒಂದು ಸಾಲು ಗೀಚಿದರು. ಅದೇ ಬೆಳೆದು 1937ರಲ್ಲಿ 'ಹಾಬಿಟ್' ಎಂಬ ಪುಸ್ತಕವಾಯಿತು! ಆ ವರ್ಷದ ಕೊನೆಗೆ ಹಿಡಿದ ಮುಂದಿನ ಕಥೆ 'ಲಾರ್ಡ್ ಆಫ್ ದಿ ರಿಂಗ್ಸ್' ಅಚ್ಚಾದದ್ದು 1954-55ರಲ್ಲಿ. ನಡುವೆ ಯುದ್ಧ, ಕಾಗದದ ಬರ. ಟೈಪು ಮಾಡಿಸಲು ದುಡ್ಡಿಲ್ಲದೆ ಅಷ್ಟು ದೊಡ್ಡ ಪುಸ್ತಕವನ್ನು ತಾವೇ ಟೈಪು ಮಾಡಿದರಂತೆ.

ನನಗೆ ತಮಾಷೆ ಎನಿಸಿದ್ದು ಇದು: ಮೊದಲ ಪ್ರತಿಯಲ್ಲಿ ಮರದ ಮೆಟ್ಟು ಹಾಕಿಕೊಂಡ ಕುಳ್ಳ ದಾರಿಹೋಕನೊಬ್ಬ ಬರುತ್ತಾನೆ. ಅವನು ಯಾರೆಂದು ಬರೆದವರಿಗೇ ಗೊತ್ತಿರಲಿಲ್ಲ. ತಿದ್ದುತ್ತಾ ತಿದ್ದುತ್ತಾ ಅವನೇ ಕಥೆಯ ಮಹಾರಾಜನಾದ! ಅಷ್ಟೇ ಅಲ್ಲ, ಅಚ್ಚಾಗಿದ್ದ 'ಹಾಬಿಟ್'ನ ಒಂದು ಅಧ್ಯಾಯವನ್ನೇ ಹೊಸ ಕಥೆಗೆ ಹೊಂದುವಂತೆ ಬದಲಿಸಿ 1951ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಉಣಿಸಿದ ಮೇಲೂ ಒಗ್ಗರಣೆ ಕೊಟ್ಟ ಹಾಗೆ!

ಇವಳ ನಾಡಿನಲ್ಲಿ ಮೊದಲು ಅರಮನೆ, ಕುದುರೆ, ಹಿಮದ ಬೆಟ್ಟ ಎಲ್ಲ ಇದ್ದವು. ಹಿಮ ಕಂಡವರು ನಮ್ಮಲ್ಲಿ ಯಾರು? ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯನ್ನು ಶಾಲೆಯ ಗೆಳತಿಯಿಂದ ತಂದು ಓದಿಸಿಕೊಂಡಳು. ದೇವತೆಗಳು ಒಡಹುಟ್ಟಿದವರಾಗಿ ನಾಡಿನಿಂದ ನಾಡಿಗೆ ನಡೆದು ಬರುವ ಕಥೆ ಅದರಲ್ಲಿದೆ. "ಅಕ್ಕಾ, ನಮ್ಮ ಮನೆ ಹಿಂದಿನ ದೇವರಕಾಡು ಬಿಟ್ಟು ನಾನು ಹಿಮದಲ್ಲಿ ಯಾಕೆ ಅಲೀತಿದ್ದೆ?" ಎಂದು ತಾನೇ ನಕ್ಕಳು. ಅರಮನೆ ಹೋಯಿತು, ಐನ್‌ಮನೆ ಬಂತು. ಕುದುರೆಯನ್ನು ಮಾತ್ರ ಬಿಡಲೊಲ್ಲಳು. ನನಗೆ ಅದು ಇಷ್ಟವಿಲ್ಲ, ಅವಳು ಕೇಳುವುದಿಲ್ಲ.

ತಾಯಿ ಈಗ ಪ್ರತಿ ಅಧ್ಯಾಯದಲ್ಲೂ ಇದ್ದಾಳೆ. ಮಗಳಿಗೆ ಕಾಣುವುದಿಲ್ಲ, ಓದುವ ನಮಗೆ ಕಾಣುತ್ತಾಳೆ. ಅವರಿಬ್ಬರೂ ಸೇರುತ್ತಾರೆಯೇ ಎಂದು ದಿನಾ ಕೇಳುತ್ತೇನೆ. ಬಾಯಿ ಬಿಡುವುದಿಲ್ಲ.

ಮನೆಯಲ್ಲಿ ಒಂದು ಏರ್ಪಾಟಾಗಿದೆ. ಮಳೆ ರಜೆಯ ದಿನ ಬೆಳಗಿನ ಅಡಿಗೆ ನನ್ನದು, ರಾತ್ರಿಯದು ಅವಳದು. ಭಾನುವಾರ ಬಟ್ಟೆ ಒಗೆಯುವುದು ಮೈದುನ. ಮೊದಲು ಗೊಣಗಿದ. ಈಗ ಅವನೂ ಕದ್ದು ಓದುತ್ತಾನೆ, ಪುಟದ ಮೇಲೆ ಬೀಡಿ ಬೂದಿ ಬಿದ್ದದ್ದು ನಾನೇ ನೋಡಿದ್ದೇನೆ.

ಈ ಕಕ್ಕಡಕ್ಕೆ ಮೂರನೇ ಪ್ರತಿ ನಡೆದಿದೆ. ಹನ್ನೊಂದನೇ ಅಧ್ಯಾಯದಲ್ಲಿ ನದಿ ಯಾಕೋ ಮಾತೇ ಆಡುತ್ತಿಲ್ಲವಂತೆ. ನಿನ್ನೆ ಮದ್ದುಸೊಪ್ಪಿನ ಪಾಯಸ ಮಾಡಿ ಅವಳ ಮೇಜಿನ ಮೇಲಿಟ್ಟು ಬಂದೆ. ತಲೆ ಎತ್ತಲಿಲ್ಲ. ಬಟ್ಟಲು ಖಾಲಿಯಾಗಿದ್ದು ರಾತ್ರಿ ಹತ್ತಕ್ಕೆ.