ಬಿಚ್ಚಾಣಿಕೆಯ ಊರುಗಳು: ಕಪಿಲಾ ತೀರದಲ್ಲಿ ಮನೆಯ ಸರ್ವರ್

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೊಮೀಟರ್ ದೂರದ ನಂಜನಗೂಡು ಮತ್ತು ಆಗ್ನೇಯಕ್ಕೆ ಸುಮಾರು 30 ಕಿಲೊಮೀಟರ್ ದೂರದ ತಿರುಮಕೂಡಲು ನರಸೀಪುರ ಒಂದೇ ನದಿಯ ದಡದಲ್ಲಿರುವ ಎರಡು ತಾಲ್ಲೂಕು ಕೇಂದ್ರಗಳು. ಕಬಿನಿ ಎಂದೂ ಕಪಿಲೆ ಎಂದೂ ಕರೆಸಿಕೊಳ್ಳುವ ಆ ನದಿ ಮೊದಲನೆಯ ಊರಿನಲ್ಲಿ ಶ್ರೀಕಂಠೇಶ್ವರಸ್ವಾಮಿ ದೇವಾಲಯದ ಮಗ್ಗುಲಲ್ಲಿ ಹರಿದು, ಎರಡನೆಯ ಊರಿನಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಕೋಯಿಕ್ಕೋಡಿನಿಂದ ಹೊರಟು ಕೊಳ್ಳೇಗಾಲಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 766 ಮೈಸೂರಿನ ಮೂಲಕ ಇವೆರಡನ್ನೂ ಜೋಡಿಸುತ್ತದೆ. ನಂಜನಗೂಡೆಂದರೆ ದೊಡ್ಡ ಜಾತ್ರೆ, ರಸಬಾಳೆ, ಹಲ್ಲುಪುಡಿ. ನರಸೀಪುರವೆಂದರೆ ಗುಂಜಾ ನರಸಿಂಹಸ್ವಾಮಿ, ತ್ರಿವೇಣಿ ಸಂಗಮ, 1989ರಲ್ಲಿ ಆರಂಭವಾದ ಕುಂಭಮೇಳ ಎಂಬ ಪರಿಚಯವೇ ರೂಢಿಯಲ್ಲಿದ್ದು, ಈ ಊರುಗಳಿಗೂ ಕಂಪ್ಯೂಟರಿಗೂ ಇರುವ ನಂಟಿಗೆ ಅದರಲ್ಲಿ ಜಾಗ ಸಿಗುವುದು ಅಪರೂಪ.

ಹಸಿರು ಹಲಗೆ, ರೇಷ್ಮೆಯ ಎಳೆ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ, ಕಾಫಿ ಮತ್ತು ಔಷಧ ಕಾರ್ಖಾನೆಗಳಿರುವಲ್ಲೇ, ಆಸ್ಟ್ರಿಯ ದೇಶದ ಲೆಯೊಬೆನ್ ನಗರದಲ್ಲಿ ಕೇಂದ್ರ ಕಚೇರಿಯುಳ್ಳ ಎಟಿ ಅಂಡ್ ಎಸ್ ಸಂಸ್ಥೆಯ ಘಟಕವಿದೆ. ಇಂಡಾಲ್ ಕಂಪನಿಯಿಂದ 1999ರಲ್ಲಿ ಈ ಸಂಸ್ಥೆಯ ಕೈಗೆ ಬಂದ ಆ ಘಟಕದಲ್ಲಿ ತಯಾರಾಗುವುದು ಪಿಸಿಬಿ, ಅಂದರೆ ಮುದ್ರಿತ ವಿದ್ಯುನ್ಮಂಡಲದ ಹಲಗೆ. ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಅಂಟು ಉಣಿಸಿ ಗಟ್ಟಿಗೊಳಿಸಿದ ಹಾಳೆಯ ಮೇಲೆ ತೆಳ್ಳನೆಯ ತಾಮ್ರದ ಪದರವನ್ನು ಹೊದಿಸಿ, ಬೆಳಕಿಗೆ ಸ್ಪಂದಿಸುವ ಲೇಪನದ ಮೂಲಕ ಅದರ ಮೇಲೆ ನಕ್ಷೆಯನ್ನು ಮೂಡಿಸಿ, ಬೇಡದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿದಾಗ ಉಳಿಯುವ ಗೆರೆಗಳೇ ವಿದ್ಯುತ್ತು ಹರಿಯುವ ದಾರಿಗಳಾಗುತ್ತವೆ; ಕೊರೆದ ರಂಧ್ರಗಳ ಒಳಗೋಡೆಗೂ ತಾಮ್ರ ಹಿಡಿಸಿ, ಕೊನೆಗೆ ಬೆಸುಗೆ ಅಂಟಬಾರದ ಜಾಗಗಳಿಗೆ ಲೇಪನ ಬಳಿಯಲಾಗುತ್ತದೆ. ಮನೆಯ ಕಂಪ್ಯೂಟರಿನ ಮುಚ್ಚಳ ತೆಗೆದವರ ಕಣ್ಣಿಗೆ ಮೊದಲು ಬೀಳುವ ಹಸಿರು ಈ ಲೇಪನದ್ದೇ.

ಆ ಹಸಿರಿನ ಮೇಲೆ ಯಾವ ಭಾಗ ಎಲ್ಲಿ ಕೂರಬೇಕೆಂಬುದನ್ನು ಬಿಳಿ ಅಕ್ಷರಗಳಲ್ಲಿ ಅಚ್ಚು ಹಾಕುವ ಕೆಲಸವನ್ನು ತಂತ್ರಜ್ಞರು ಇಂದಿಗೂ ಸಿಲ್ಕ್‌ಸ್ಕ್ರೀನ್ ಎನ್ನುತ್ತಾರೆ. ಹಿಂದೆ ಇಂತಹ ಅಚ್ಚಿಗೆ ಬಿಗಿಯಾಗಿ ಎಳೆದು ಕಟ್ಟಿದ ರೇಷ್ಮೆ ಬಟ್ಟೆಯನ್ನೇ ಬಳಸುತ್ತಿದ್ದುದರಿಂದ ಉಳಿದುಬಂದ ಹೆಸರದು. ರೇಷ್ಮೆಯ ಮಾತು ನರಸೀಪುರಕ್ಕೆ ಕರೆದೊಯ್ಯುತ್ತದೆ, ಏಕೆಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆ ಇರುವುದು ಅಲ್ಲಿ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಹುಡುಕಿ ಹಿಡಿದು, ಅದು ಹರಿಯದಂತೆ ಸುತ್ತಿಕೊಳ್ಳುವ ಈ ಕಸುಬಿಗೆ ಕನ್ನಡದಲ್ಲಿ ಬಿಚ್ಚಾಣಿಕೆ ಎಂಬ ಹೆಸರಿದೆ. ಯಂತ್ರದ ಮುಚ್ಚಳ ತೆರೆದು, ಒಳಗಿನ ದಾರಿಗಳನ್ನು ಅರಿತು, ಬೇಕಾದಂತೆ ಮತ್ತೆ ಜೋಡಿಸುವ ಹವ್ಯಾಸಕ್ಕೂ ಇದಕ್ಕಿಂತ ಒಪ್ಪುವ ಪದ ಸಿಗುವುದು ಕಷ್ಟ. ಹಲಗೆಯನ್ನು ಮಾಡಿ ಹೊರಗೆ ಕಳುಹಿಸುವ ಪ್ರದೇಶದಲ್ಲಿ, ಸಿದ್ಧ ಯಂತ್ರವಾಗಿ ಮರಳಿ ಬರುವ ಕಂಪ್ಯೂಟರನ್ನು ಬಿಚ್ಚಿ ತನ್ನದಾಗಿಸಿಕೊಳ್ಳಲು ಏನೇನು ಬೇಕಾಗುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ದೂರದ ಸರ್ವರ್, ಮನೆಯ ಸರ್ವರ್

ತಾಲ್ಲೂಕು ಕೇಂದ್ರಗಳಲ್ಲಿ ಸರ್ವರ್ ಎಂಬ ಪದ ಪರಿಚಿತವಾದದ್ದು ಸರ್ಕಾರಿ ಕಿಟಕಿಗಳ ಮುಂದಿನ ಸಾಲುಗಳಲ್ಲಿ. ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆ ಈ ಶತಮಾನದ ಆರಂಭದಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳಿಗೆ ಕಂಪ್ಯೂಟರನ್ನು ತಂದಿತು. ಮುಂದೆ ನಾಡಕಚೇರಿ, ನೋಂದಣಿ ಕಚೇರಿ, ನ್ಯಾಯಬೆಲೆ ಅಂಗಡಿಗಳೂ ಜಾಲಕ್ಕೆ ಸೇರಿದ ಮೇಲೆ, ಕೆಲಸ ಆಗದಿರುವುದಕ್ಕೆ ಕೊಡುವ ಕಾರಣವಾಗಿ ‘ಸರ್ವರ್ ಇಲ್ಲ’ ಎಂಬ ಮಾತು ಕನ್ನಡದ ನುಡಿಗಟ್ಟೇ ಆಗಿಹೋಯಿತು. ಈ ಮಾತಿನಲ್ಲಿ ಸರ್ವರ್ ಎಂಬುದು ಎಲ್ಲೋ ದೂರದಲ್ಲಿದ್ದುಕೊಂಡು, ಯಾರ ಹಿಡಿತಕ್ಕೂ ಸಿಗದೆ, ಬರುವ ಹೋಗುವ ಶಕ್ತಿಯಾಗಿ ತೋರುತ್ತದೆ. ವಾಸ್ತವದಲ್ಲಿ ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ಯಾವುದೇ ಕಂಪ್ಯೂಟರಿಗೆ ಆ ಹೆಸರು ಸಲ್ಲುತ್ತದೆ. ಅದು ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯೂ ಆಗಿರಬಹುದು.

ಅಂತಹ ಹಳೆಯ ಪೆಟ್ಟಿಗೆಗಳಿಗೆ ಈಗ ಕೊರತೆಯಿಲ್ಲ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ, ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರೂ ವಿಂಡೋಸ್ 11ರ ಷರತ್ತುಗಳಿಗೆ ಒಗ್ಗದ ಎಷ್ಟೋ ಯಂತ್ರಗಳು ಮೂಲೆ ಸೇರುವ ಸ್ಥಿತಿ ಬಂದಿದೆ. ಇವುಗಳಲ್ಲಿ ಡೆಬಿಯನ್‌ನಂತಹ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿ, ಕಡತ ಮತ್ತು ಚಿತ್ರಗಳಿಗೆ ನೆಕ್ಸ್ಟ್‌ಕ್ಲೌಡ್, ಹಾಡು ಮತ್ತು ಸಿನಿಮಾಗಳಿಗೆ ಜೆಲ್ಲಿಫಿನ್ ಮುಂತಾದ ತಂತ್ರಾಂಶಗಳನ್ನು ಕೂರಿಸಿದರೆ, ದೊಡ್ಡ ಕಂಪನಿಗಳ ಕ್ಲೌಡ್ ಸೇವೆಗೆ ತಿಂಗಳ ಬಾಡಿಗೆ ಕಟ್ಟಿ ಪಡೆಯುವ ಅನುಕೂಲಗಳಲ್ಲಿ ಬಹುಪಾಲು ಮನೆಯೊಳಗೇ ದೊರೆಯುತ್ತದೆ. ಇದನ್ನೇ ಸೆಲ್ಫ್ ಹೋಸ್ಟಿಂಗ್, ಅಂದರೆ ತನ್ನ ಸೇವೆಯನ್ನು ತನ್ನ ಯಂತ್ರದಿಂದಲೇ ನಡೆಸಿಕೊಳ್ಳುವುದು ಎನ್ನುತ್ತಾರೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಊರಿನವರದೇ ಆದ ವೈಫೈ ಜಾಲವನ್ನು ಹೆಣೆದು ತೋರಿಸಿರುವಂತೆ, ಈ ತತ್ತ್ವವನ್ನು ಒಂದು ಮನೆಯಿಂದ ಒಂದು ಹಳ್ಳಿಯ ಮಟ್ಟಕ್ಕೂ ಹಿಗ್ಗಿಸಬಹುದು.

ಕನ್ನಡದ ಸಣ್ಣ ಊರುಗಳಿಗೆ ಇದರಲ್ಲಿ ವಿಶೇಷ ಪ್ರಯೋಜನವೊಂದಿದೆ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ದೇವಸ್ಥಾನದ ಕರಪತ್ರಗಳನ್ನು ಸಿದ್ಧಪಡಿಸುವ ಡಿಟಿಪಿ ಅಂಗಡಿಗಳಲ್ಲಿ ದಶಕಗಳ ಕಾಲ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತಗಳಲ್ಲಿ ಟೈಪು ಮಾಡಿದ ಕಡತಗಳು, ಅವುಗಳಿಗೆ ಹೊಂದುವ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಗುರುತುಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ, ಅಂದರೆ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸ್ಥಿರ ಸಂಖ್ಯೆ ಕೊಟ್ಟಿರುವ ಪದ್ಧತಿಗೆ, ಬದಲಾಯಿಸಿ ಒಂದು ಸರ್ವರಿನಲ್ಲಿ ಇಟ್ಟರೆ, ಊರಿನ ಮೂವತ್ತು ವರ್ಷಗಳ ಬರವಣಿಗೆ ಹುಡುಕಿದರೆ ಸಿಗುವಂತಾಗುತ್ತದೆ.

ನಂದಾದೀಪದ ಲೆಕ್ಕ

ದೇವಸ್ಥಾನದ ನಂದಾದೀಪಕ್ಕೆ ಎಣ್ಣೆಯ ಲೆಕ್ಕವಿರುವಂತೆ, ಹಗಲಿರುಳು ನಡೆಯಬೇಕಾದ ಸರ್ವರಿಗೆ ಯೂನಿಟ್ಟಿನ ಲೆಕ್ಕವಿದೆ. ಬಿಡುವಿಲ್ಲದೆ 60 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ 30 ದಿನಗಳಲ್ಲಿ 43.2 ಯೂನಿಟ್ ಬಳಸಿದರೆ, 10 ವ್ಯಾಟಿನಲ್ಲಿ ಕೆಲಸ ಮುಗಿಸುವ ಪುಟ್ಟ ಯಂತ್ರಕ್ಕೆ 7.2 ಯೂನಿಟ್ ಸಾಕು. ಈ ವ್ಯತ್ಯಾಸ ಇಲ್ಲಿನ ವಿದ್ಯುತ್ ಸರಬರಾಜು ಸಂಸ್ಥೆಯಾದ ಸೆಸ್ಕ್‌ನ ಗ್ರಾಹಕರಿಗೆ 2023ರ ನಂತರ ಹೊಸ ಅರ್ಥ ಪಡೆದಿದೆ, ಏಕೆಂದರೆ ಆ ವರ್ಷ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಎಲ್ಲರಿಗೂ 200 ಯೂನಿಟ್ ಉಚಿತವಾಗಿ ನೀಡದೆ, 2022–23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ 200ರೊಳಗೆ ಪ್ರತಿ ಮನೆಯ ಮಿತಿಯನ್ನು ನಿಗದಿಪಡಿಸಿತು. ತಿಂಗಳಿಗೆ ಸರಾಸರಿ 60 ಯೂನಿಟ್ ಬಳಸುತ್ತಿದ್ದ ಮನೆಗೆ ಈ ಸೂತ್ರದಂತೆ ಹೆಚ್ಚುವರಿಯಾಗಿ ದೊರೆಯುವುದು 6 ಯೂನಿಟ್. ಅಂದರೆ 10 ವ್ಯಾಟಿನ ಮಿತವ್ಯಯದ ಸರ್ವರ್ ಕೂಡ ಆ ಅಂಚನ್ನು ಸ್ವಲ್ಪದರಲ್ಲಿ ದಾಟುತ್ತದೆ. ಕಾವೇರಿಯ ಕೆಳದಿಕ್ಕಿನ ಶಿವನಸಮುದ್ರದಲ್ಲಿ 1902ರಷ್ಟು ಹಿಂದೆಯೇ ವಿದ್ಯುತ್ತು ಹುಟ್ಟಿದ ಸೀಮೆಯಲ್ಲಿಯೂ, ಮೀಟರಿನ ಕಡೆ ಒಂದು ಕಣ್ಣಿಟ್ಟೇ ಯಂತ್ರವನ್ನು ಆರಿಸಿಕೊಳ್ಳಬೇಕಾಗುತ್ತದೆ.

ವಿದ್ಯುತ್ತಿನ ನಂತರದ ಪ್ರಶ್ನೆ ವಿಳಾಸದ್ದು. ಅಂತರ್ಜಾಲದ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರವಾದ ಕಾರಣ, ಸಂಪರ್ಕ ನೀಡುವ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುವುದುಂಟು. ಸಿಜಿನ್ಯಾಟ್ ಎಂದು ಕರೆಯಲಾಗುವ ಈ ಏರ್ಪಾಡನ್ನು ಹಳೆಯ ಮೈಸೂರಿನ ವಠಾರಕ್ಕೆ ಹೋಲಿಸಬಹುದು: ಬೀದಿಗೆ ಕಾಣುವ ಬಾಗಿಲ ಸಂಖ್ಯೆ ಒಂದೇ ಆಗಿರುವುದರಿಂದ ಒಳಗಿನವರು ಹೊರಗೆ ಪತ್ರ ಬರೆದು ಉತ್ತರ ಪಡೆಯಬಹುದೇ ಹೊರತು, ಹೊರಗಿನವರು ತಾವಾಗಿ ಹುಡುಕಿ ಬಂದು ಇಂತಹ ಕೋಣೆಯ ಕದ ತಟ್ಟಲಾರರು. ಹೀಗಾಗಿ ನಂಜನಗೂಡಿನ ಮನೆಯಲ್ಲಿರುವ ಸರ್ವರನ್ನು ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ನೇರವಾಗಿ ತಲುಪುವುದು ಸುಲಭವಲ್ಲ. ವಿಳಾಸಕ್ಕೆ ಬರವಿಲ್ಲದ ಐಪಿವಿ6 ಇದಕ್ಕೆ ಒಂದು ಪರಿಹಾರ. ಎರಡು ಯಂತ್ರಗಳ ನಡುವೆ ಗೂಢಲಿಪಿಯ ಸುರಂಗ ತೋಡುವ, 2020ರಲ್ಲಿ ಲಿನಕ್ಸಿನ ತಿರುಳಿಗೇ ಸೇರಿದ ವೈರ್‌ಗಾರ್ಡ್ ತಂತ್ರವನ್ನು ಸಾರ್ವಜನಿಕ ವಿಳಾಸವುಳ್ಳ ಮಧ್ಯವರ್ತಿ ಯಂತ್ರವೊಂದರ ನೆರವಿನಿಂದ ಬಳಸುವುದು ಇನ್ನೊಂದು.

ಮೂರನೆಯದು ನೀರಿನ, ಅಂದರೆ ನೆರೆ ಬಂದರೂ ಮಾಹಿತಿ ಉಳಿಯಬೇಕೆಂಬ ಪ್ರಶ್ನೆ. ಮಾಹಿತಿಯ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿಯಾದರೂ ಬೇರೆ ಸ್ಥಳದಲ್ಲಿರಬೇಕು ಎಂಬ 3-2-1 ನಿಯಮ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಆದರೆ ನಂಜನಗೂಡಿನವರು ಆ ಒಂದು ಪ್ರತಿಯನ್ನು ನರಸೀಪುರದ ನೆಂಟರ ಮನೆಯಲ್ಲಿಟ್ಟು ನಿಶ್ಚಿಂತರಾಗುವಂತಿಲ್ಲ: ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಎರಡು ಊರುಗಳ ತಗ್ಗು ಪ್ರದೇಶಗಳಿಗೂ ಒಂದೇ ಹೊಳೆಯ ಭಯವಿರುತ್ತದೆ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಮಲ್ಲನಮೂಲೆಯ ಬಳಿ ಮೈಸೂರು–ನಂಜನಗೂಡು ರಸ್ತೆಯೇ ಮುಳುಗಿತ್ತು. ಮೈಸೂರಿನ ಎತ್ತರದ ಬಡಾವಣೆಯಲ್ಲೋ, ನದಿಯ ದಾರಿಯಿಂದ ದೂರವಿರುವ ಬೇರೆ ಊರಿನಲ್ಲೋ ಇರುವ ಡಿಸ್ಕ್ ಮಾತ್ರ ಈ ನಿಯಮದ ಆಶಯವನ್ನು ಪೂರೈಸುತ್ತದೆ.

ಆಟದ ಯಂತ್ರ ಮತ್ತು ಅದರ ನಂಜು

ಸರ್ವರಿಗೆ ಮಿತವ್ಯಯ ಮುಖ್ಯವಾದರೆ, ಆಟದ ಕಂಪ್ಯೂಟರಿಗೆ ಮುಖ್ಯವಾದದ್ದು ಗ್ರಾಫಿಕ್ಸ್ ಕಾರ್ಡ್. ಪರದೆಯ ಲಕ್ಷಾಂತರ ಚುಕ್ಕಿಗಳ ಬಣ್ಣವನ್ನು ಏಕಕಾಲದಲ್ಲಿ ಲೆಕ್ಕ ಹಾಕಲೆಂದು ಸಾವಿರಾರು ಸಣ್ಣ ಗಣಕಗಳನ್ನು ಒಂದೇ ಚಿಪ್ಪಿನಲ್ಲಿ ಕೂಡಿಸಿದ ಸಾಧನವದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳು ರಾಜ್ಯದ ಹವ್ಯಾಸಿಗಳಿಗೆ ಇಂತಹ ಬಿಡಿಭಾಗಗಳ ಸಂತೆಯಾಗಿದ್ದು, ಹೊಸ ಕಾರ್ಡಿನ ಬೆಲೆ ಎಟುಕದವರು ಸೆಕೆಂಡ್ ಹ್ಯಾಂಡ್ ಸರಕಿನತ್ತ ತಿರುಗುತ್ತಾರೆ. ಅಲ್ಲಿ ಬೆಲೆಯ ಜೊತೆಗೆ ವಿದ್ಯುತ್ತಿನ ಹಸಿವನ್ನೂ ತೂಗಬೇಕಾಗುತ್ತದೆ: ಎನ್‌ವಿಡಿಯದ 2021ರ ಆರ್‌ಟಿಎಕ್ಸ್ 3060 ಕಾರ್ಡಿನ ಗರಿಷ್ಠ ಬಳಕೆ 170 ವ್ಯಾಟ್ ಆಗಿದ್ದರೆ, 2023ರ ಆರ್‌ಟಿಎಕ್ಸ್ 4060 ಕಾರ್ಡಿಗೆ 115 ವ್ಯಾಟ್ ಸಾಕು. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವ್ಯಾಟ್ ಆದ್ದರಿಂದ, ಕರೆಂಟು ಹೋದ ಕ್ಷಣದಲ್ಲಿ ಆಟ ಉಳಿಯುವುದೋ ಇಡೀ ಯಂತ್ರ ಆರುವುದೋ ಎಂಬುದನ್ನು ಈ 55 ವ್ಯಾಟುಗಳ ಅಂತರವೂ ನಿರ್ಧರಿಸಬಹುದು. ತಂಪು ಕೋಣೆಯಿಲ್ಲದ ಮನೆಯ ಏಪ್ರಿಲ್ ತಿಂಗಳಲ್ಲಿ ಕ್ಯಾಬಿನೆಟ್ಟಿನ ದೂಳು ಊದಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚುವುದು, ಹೊಸ ಕಾರ್ಡ್ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಬಿಚ್ಚಿದ ಯಂತ್ರದಿಂದ ಉಳಿಯುವ ಕಸವನ್ನೂ ಈ ಹವ್ಯಾಸದ ಲೆಕ್ಕಕ್ಕೆ ಸೇರಿಸಬೇಕು. ಹಳೆಯ ಹಲಗೆಗಳ ಬೆಸುಗೆಯಲ್ಲಿ ಸೀಸ, ಹಾಳೆಯಲ್ಲಿ ಬೆಂಕಿ ತಡೆಯುವ ಬ್ರೋಮಿನ್ ಸಂಯುಕ್ತಗಳು ಇರುವುದರಿಂದ, ತಾಮ್ರದಾಸೆಗೆ ಅವನ್ನು ಸುಟ್ಟಾಗ ವಿಷ ಗಾಳಿಗೂ ಮಣ್ಣಿಗೂ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಎಸೆಯದೆ ಇನ್ನೂ ಐದು ವರ್ಷ ದುಡಿಸಿಕೊಂಡ ಯಂತ್ರ ಅಷ್ಟು ಕಾಲ ತ್ಯಾಜ್ಯವೇ ಆಗುವುದಿಲ್ಲ. ಹಾಲಾಹಲವನ್ನು ಕಂಠದಲ್ಲಿ ತಡೆದು ನಿಲ್ಲಿಸಿದ ದೇವರಿಂದ ಹೆಸರು ಪಡೆದ, ಗರಳಪುರಿ ಎಂದೂ ಕರೆಸಿಕೊಂಡ ನಂಜನಗೂಡಿಗೆ ಈ ವಿವೇಕ ಹೊಸದಾಗಿ ತೋರಬೇಕಿಲ್ಲ.

ಏಳು ತಂತಿಯ ಪಾಠ

ಈ ಸೀಮೆಯಲ್ಲಿ ಸಿದ್ಧ ಸಲಕರಣೆಯನ್ನು ಬಿಚ್ಚಿ ತನ್ನ ಅಗತ್ಯಕ್ಕೆ ಹೊಂದಿಸಿಕೊಂಡವರ ಪೈಕಿ ಅತ್ಯಂತ ಪ್ರಸಿದ್ಧರು ಕಂಪ್ಯೂಟರನ್ನು ಮುಟ್ಟಿದವರಲ್ಲ. ಸಂಗಮದ ಊರಾದ ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು, ಮೈಕು ಇನ್ನೂ ಸಾಮಾನ್ಯವಾಗಿರದ ದಿನಗಳಲ್ಲಿ ನಾಲ್ಕು ತಂತಿಯ ವಾದ್ಯದ ನಾದ ಸಭೆಯ ಕೊನೆಯ ಸಾಲಿಗೆ ಮುಟ್ಟುತ್ತಿಲ್ಲವೆಂಬುದನ್ನು ಕಂಡುಕೊಂಡು, ಅದಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಪಶ್ಚಿಮದಲ್ಲಿ ಸಿದ್ಧವಾಗಿ ಬಂದ ವಾದ್ಯವನ್ನು ಬಂದಂತೆಯೇ ಒಪ್ಪಿಕೊಳ್ಳಬೇಕೆಂಬ ನಿರ್ಬಂಧ ಅವರಿಗಿರಲಿಲ್ಲ. ಸಭಾಂಗಣದ ಉದ್ದ, ಗದ್ದಲ, ಜೊತೆಯ ಗಾಯಕರ ಶಾರೀರ ಇವೇ ಅವರ ಅಳತೆಗೋಲುಗಳಾಗಿದ್ದವು. ಮುಂದೆ ಮೈಕು ಬಂದಿತು, ಇಂದಿನ ವಾದಕರಲ್ಲಿ ಹೆಚ್ಚಿನವರು ನಾಲ್ಕು ತಂತಿಗಳಲ್ಲೇ ನುಡಿಸುತ್ತಾರೆ. ಆದರೂ ಚೌಡಯ್ಯನವರ ಮಾರ್ಪಾಡು ಆ ಕಾಲದ, ಆ ಸಭೆಯ ಪ್ರಶ್ನೆಗೆ ದೊರೆತ ಸರಿಯಾದ ಉತ್ತರವಾಗಿತ್ತು. ವಠಾರದಂತಹ ವಿಳಾಸ, ಗೃಹಜ್ಯೋತಿಯ ಅಂಚು, ಕಪಿಲೆಯ ನೆರೆ ಇವನ್ನೆಲ್ಲ ಅಳೆದು ಅಟ್ಟದ ಮೇಲೆ ಕೂರಿಸಿದ 10 ವ್ಯಾಟಿನ ಸರ್ವರಿಗೂ ಅದೇ ಮಾತು ಸಲ್ಲುತ್ತದೆ: ಮುಂದೊಂದು ದಿನ ಅದರ ಅಗತ್ಯ ತೀರಬಹುದು, ಆದರೆ ಅದನ್ನು ಕೂರಿಸಿದವರ ಮಟ್ಟಿಗೆ ‘ಸರ್ವರ್ ಇಲ್ಲ’ ಎಂಬುದು ಇನ್ನು ಕಾರಣ ಹುಡುಕಿ ಸರಿಪಡಿಸಬಹುದಾದ ಒಂದು ದೋಷ ಮಾತ್ರ.