ಕೋಸಿನ ಎಲೆಯಲ್ಲಿ ರಂಗೋಲಿ ಹುಳು

ಗುಂಡ್ಲುಪೇಟೆ, ತೆರಕಣಾಂಬಿ ಕಡೆಯ ನಮ್ಮ ಸದಸ್ಯರಲ್ಲಿ ಅನೇಕರು ಅಡಿಕೆ ಸಸಿ ಫಲಕ್ಕೆ ಬರುವವರೆಗೆ ಸಾಲುಗಳ ನಡುವೆ ಎಲೆಕೋಸು, ಮೂಲಂಗಿ ಬೆಳೆದು ಖರ್ಚು ಸರಿದೂಗಿಸುತ್ತಾರೆ. ಕಳೆದ ತಿಂಗಳು ಅವರಲ್ಲಿ ಕೆಲವರು ಸಂಘದ ಕಚೇರಿಗೆ ತಂದ ಎಲೆಗಳ ಮೇಲೆ ಬಿಳಿ ಗೆರೆಗಳು ಹಾವಿನಂತೆ ಸುತ್ತಿಕೊಂಡಿದ್ದವು. "ಯಾವ ಔಷ್ದಿ ಹೊಡೀಬೇಕು ಸ್ವಾಮಿ?" ಎಂಬುದೊಂದೇ ಪ್ರಶ್ನೆ. ಔಷಧಿಯ ಮಾತಿಗೆ ಮುನ್ನ ಹುಳುವಿನ ಪರಿಚಯ ಮಾಡಿಕೊಳ್ಳುವುದು ಲೇಸು.

ರಂಗೋಲಿ ಹುಳು ಎಂಬ ಹೆಸರು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಗೆರೆ ಬರೆಯುವುದು ಒಂದು ನೊಣದ ಮರಿ. ನೊಣದ ಉದ್ದ ಸುಮಾರು 2 ಮಿಲಿಮೀಟರ್, ಬಣ್ಣ ಕಪ್ಪು ಹಳದಿ. ಹೆಣ್ಣು ನೊಣ ಎಲೆಯನ್ನು ಚುಚ್ಚಿ ಒಸರುವ ರಸ ಕುಡಿಯುತ್ತದೆ. ಕೆಲವು ತೂತುಗಳಲ್ಲಿ ಮಾತ್ರ ಮೊಟ್ಟೆಯಿಡುತ್ತದೆ. ಗಂಡಿಗೆ ಚುಚ್ಚಲು ಬಾರದು, ಹೆಣ್ಣು ಮಾಡಿದ ತೂತಿನಲ್ಲೇ ಅದರ ಊಟ! ಎರಡು ನಾಲ್ಕು ದಿನಗಳಲ್ಲಿ ಹೊರಬರುವ ಹುಳು ಎಲೆಯ ಎರಡು ಪೊರೆಗಳ ನಡುವಿನ ಹಸಿರನ್ನು ತಿನ್ನುತ್ತ ಸುರಂಗ ಕೊರೆಯುತ್ತದೆ. ಸುಮಾರು ಒಂದು ವಾರದಲ್ಲಿ ಎಲೆ ಸೀಳಿ ಮಣ್ಣಿಗೆ ಬಿದ್ದು ಕೋಶವಾಗುತ್ತದೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಮೂರು ವಾರಕ್ಕೊಂದು ತಲೆಮಾರು.

1990ರ ಸುಮಾರಿಗೆ ಅಮೆರಿಕ ಮೂಲದ ಲಿರಿಯೊಮೈಜಾ ಟ್ರೈಫೋಲಿ ನಮ್ಮ ದೇಶ ಹೊಕ್ಕು ಟೊಮೇಟೊ, ಬೀನ್ಸ್, ಸೌತೆ, ಹರಳು, ಚೆಂಡುಹೂಗಳಿಗೆ ಹಬ್ಬಿತು. ಕೋಸು, ಸಾಸಿವೆಗಳ ಬಳಗವನ್ನೇ ಹಿಡಿಯುವುದು ಅದರ ಸೋದರ ಜಾತಿ, ಲಿರಿಯೊಮೈಜಾ ಬ್ರಾಸಿಕೆ. ನಮ್ಮ ಕಾಫಿ ಎಲೆಯಲ್ಲೂ ಇದೇ ಕುಟುಂಬದ ನೊಣವೊಂದು ಸುರಂಗ ಕೊರೆಯುವುದುಂಟು. ಅದಕ್ಕಾಗಿ ಯಾರೂ ನಿದ್ದೆಗೆಟ್ಟದ್ದಿಲ್ಲ.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಕೋಸಿನಲ್ಲಿ ಗೆರೆ ಕಂಡೊಡನೆ ಅಂಗಡಿಯವರು ಕೊಟ್ಟ ಘಾಟು ಔಷಧಿಯನ್ನು ವಾರಕ್ಕೊಮ್ಮೆಯಂತೆ ನಾಲ್ಕು ಬಾರಿ ಹೊಡೆಸಿದೆವು. ಗೆರೆಗಳು ಹೆಚ್ಚಿದವೇ ಹೊರತು ಕಡಿಮೆಯಾಗಲಿಲ್ಲ. ಕಾರಣ ಆಮೇಲೆ ತಿಳಿಯಿತು. ಹುಳು ಎಲೆಯ ಪೊರೆಯೊಳಗೆ ಭದ್ರವಾಗಿರುತ್ತದೆ, ಕೋಶ ಮಣ್ಣಿನಲ್ಲಿರುತ್ತದೆ. ಸಾಯುವುದು ಆ ಹುಳುವನ್ನು ಹುಡುಕಿ ಕೊಲ್ಲುವ ಸಣ್ಣ ಕಣಜಗಳು. ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿರಿ: ಸುರಂಗದ ತುದಿಯಲ್ಲಿ ಹಳದಿ ಹುಳು ಮಿಸುಕುತ್ತಿದ್ದರೆ ಅದು ಜೀವಂತ. ಕಂದುಗಟ್ಟಿ ಸತ್ತಿದ್ದರೆ ಬಹುಮಟ್ಟಿಗೆ ಕಣಜದ ಕೆಲಸ. ಆಗ ಪಂಪು ಮನೆಯಲ್ಲೇ ಇರಲಿ.

ಎಲೆಕೋಸಿನಲ್ಲಿ ಗೆರೆ ಬೀಳುವುದು ಹೆಚ್ಚಾಗಿ ಹೊರ ಎಲೆಗಳಿಗೆ. ಗಡ್ಡೆ ಮಾರುವಾಗ ಅವನ್ನು ಹೇಗೂ ಕಿತ್ತೆಸೆಯುತ್ತೇವೆ. ಎಚ್ಚರ ಬೇಕಾದದ್ದು ಒಟ್ಲಿನಲ್ಲಿ, ಎರಡು ಮೂರು ಎಲೆಯ ಸಸಿಗೆ ಈ ನಷ್ಟ ತಡೆಯದು; ಹಾಗೆಯೇ ಎಲೆಯನ್ನೇ ಮಾರುವ ಸೊಪ್ಪಿನ ಬೆಳೆಯಲ್ಲಿ. ಗೆರೆಬಿದ್ದ ಸಸಿಯನ್ನು ಹೊಲಕ್ಕೆ ಒಯ್ಯಬಾರದು. ಬಾಧೆಯ ಎಲೆಗಳನ್ನು ಕಿತ್ತು ಸುಡತಕ್ಕದ್ದು, ಬದುವಿಗೆ ಎಸೆದರೆ ಹುಳು ಅಲ್ಲಿಯೇ ಮಣ್ಣು ಸೇರುತ್ತದೆ. ಕೊಯ್ಲಾದ ಕೂಡಲೇ ಕೂಳೆಯನ್ನು ಉತ್ತು ಆಳಕ್ಕೆ ಹೂಳಬೇಕು. ಸಿಂಪಡಣೆ ಬೇಕೇ ಬೇಕೆನಿಸಿದರೆ 100 ಲೀಟರ್ ನೀರಿಗೆ 5 ಕಿಲೋ ಬೇವಿನ ಬೀಜದ ತಿರುಳಿನ ಪುಡಿ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪು ಕರಗಿಸಿ ಸಂಜೆ ಹೊಡೆಯಬೇಕು. ಸೋಪಿಲ್ಲದಿದ್ದರೆ ಕೋಸಿನ ಮೇಣದ ಎಲೆಯಿಂದ ಹನಿ ಜಾರಿ ಹೋಗುತ್ತದೆ.

ಇನ್ನೊಂದು ಗೊಂದಲ. ಕೋಸಿನ ನಿಜವಾದ ವೈರಿ ವಜ್ರಬೆನ್ನಿನ ಪತಂಗ. ಅದರ ಎಳೆ ಮರಿಯೂ ಮೊದಲೊಂದೆರಡು ದಿನ ಎಲೆಯೊಳಗೆ ಚಿಕ್ಕ ಸುರಂಗ ಕೊರೆಯುತ್ತದೆ. ಆಮೇಲೆ ಹೊರಬಂದು ಎಲೆಯನ್ನು ಜಾಳು ಜಾಳಾಗಿಸುತ್ತದೆ. ಮುಟ್ಟಿದರೆ ಚಡಪಡಿಸಿ ನೂಲಿನಲ್ಲಿ ಜೋತು ಬೀಳುತ್ತದೆ. ಅದಕ್ಕೆ ಕಾಲುಗಳಿವೆ, ನೊಣದ ಮರಿಗಿಲ್ಲ. ಆ ಪತಂಗಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿರುವಂತೆ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಹಾಕುವುದೇ ಮೊದಲ ಉಪಾಯ. ಆ ಸಾಸಿವೆಯ ಎಲೆಯಲ್ಲಿ ರಂಗೋಲಿ ಕಂಡರೆ ಗಾಬರಿ ಬೇಡ.

ಅನುಮಾನವಿದ್ದವರು ಎಲೆಯನ್ನು ಕಾಗದದಲ್ಲಿ ಸುತ್ತಿ ಸಂಘದ ಕಚೇರಿಗೆ ತರಬಹುದು. ಭೂತಗನ್ನಡಿಯೊಂದನ್ನು ಮೇಜಿನ ಮೇಲೆಯೇ ಇಟ್ಟಿರುತ್ತೇವೆ.