ಇಲ್ಲ, ಅಲ್ಲ, ಅಂತೆ: ರಾಷ್ಟ್ರಪತಿ ಚುನಾವಣೆಯ ಚಾರಿತ್ರ್ಯವಾದಗಳ ವ್ಯಾಕರಣ

೧. ಪ್ರಸ್ತಾವನೆ

ಹಳೇಬೀಡಿನ ಸಮೀಪದ ಹುಲಿಕೆರೆ ಹೊಯ್ಸಳರ ಕಾಲದ ಕಲ್ಯಾಣಿಯಿಂದ ಹೆಸರಾದ ಊರು. ರಾಷ್ಟ್ರಪತಿ ಚುನಾವಣೆಯಲ್ಲಿ ಈ ಊರಿನ ಮತದಾರರಿಗೆ ನೇರ ಮತವಿಲ್ಲ. ಅವರು ಆರಿಸಿ ಕಳುಹಿಸಿದ ಶಾಸಕರು ಮತ್ತು ಸಂಸದರು ಮತ ಹಾಕುತ್ತಾರೆ. ೧೯೭೧ರ ಜನಗಣತಿಯನ್ನು ಆಧರಿಸಿದ ಲೆಕ್ಕದಂತೆ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ ೧೩೧. ೨೦೨೨ರ ಚುನಾವಣೆಯಲ್ಲಿ ಒಬ್ಬ ಸಂಸದರ ಮತದ ಮೌಲ್ಯ ೭೦೦ ಆಗಿತ್ತು. ಹೀಗೆ ಮತ ದೂರದಲ್ಲಿದ್ದರೂ ಮಾತು ದೂರದಲ್ಲಿಲ್ಲ. ಅಭ್ಯರ್ಥಿ ಎಂಥವರು, ಅವರ ಕೈ ಶುದ್ಧವೇ, ಆಡಿದ ಮಾತಿಗೆ ನಿಲ್ಲುವವರೇ ಎಂಬ ಪ್ರಶ್ನೆಗಳು ದೆಹಲಿಯ ಸೆಂಟ್ರಲ್ ಹಾಲಿನಲ್ಲಿ ಹೇಗೋ ಹಾಗೆಯೇ ಅರಸೀಕೆರೆ, ಬೇಲೂರುಗಳ ಚಹದಂಗಡಿಗಳಲ್ಲೂ ಚರ್ಚೆಗೆ ಬರುತ್ತವೆ.

ಇಂಥ ವಾದಗಳು ಏಕೆ ಮುಗಿಯುವುದಿಲ್ಲ ಎಂಬ ಪ್ರಶ್ನೆಗೆ ರಾಜ್ಯಶಾಸ್ತ್ರವು ಪಕ್ಷನಿಷ್ಠೆಯಲ್ಲಿ ಉತ್ತರ ಹುಡುಕುತ್ತದೆ. ನಾವು ಈ ಲೇಖನದಲ್ಲಿ ಅದೇ ಪ್ರಶ್ನೆಯನ್ನು ವ್ಯಾಕರಣದ ಕಡೆಯಿಂದ ನೋಡುತ್ತೇವೆ. ಕನ್ನಡವು 'ಮಾಡಿದ್ದು', 'ಆಗಿರುವುದು' ಮತ್ತು 'ಕೇಳಿದ್ದು' ಈ ಮೂರನ್ನೂ ರೂಪದಲ್ಲಿಯೇ ಬೇರ್ಪಡಿಸುತ್ತದೆ. ಪಕ್ಷವಾದವು ಈ ಗಡಿಗಳನ್ನು ಸದ್ದಿಲ್ಲದೆ ದಾಟುತ್ತದೆ ಎಂಬುದು ನಮ್ಮ ವಾದ. ಕೆಳಗಿನ ಉದಾಹರಣ ವಾಕ್ಯಗಳು ಹಾಸನ ಸೀಮೆಯ ಆಡುಮಾತನ್ನು ಅನುಸರಿಸಿ ನಾವೇ ರಚಿಸಿದವು. ಅವು ಯಾವ ವ್ಯಕ್ತಿಯನ್ನೂ ಕುರಿತವಲ್ಲ. ಐತಿಹಾಸಿಕ ನಿದರ್ಶನವಾಗಿ ೧೯೬೯ರ ರಾಷ್ಟ್ರಪತಿ ಚುನಾವಣೆಯನ್ನು ತೆಗೆದುಕೊಂಡಿದ್ದೇವೆ.

೨. ೧೯೬೯: ಶಿಸ್ತು ಮತ್ತು ಆತ್ಮಸಾಕ್ಷಿ

ರಾಷ್ಟ್ರಪತಿ ಜಾಕಿರ್ ಹುಸೇನ್ ಅವರು ೧೯೬೯ರ ಮೇ ೩ರಂದು ನಿಧನರಾದರು. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಬೆಂಗಳೂರಿನಲ್ಲಿಯೇ ಸೇರಿದ ಪಕ್ಷದ ಸಂಸದೀಯ ಮಂಡಳಿ ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಧಿಕೃತ ಅಭ್ಯರ್ಥಿಯಾಗಿ ಆರಿಸಿತು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಅವರು ರಾಜೀನಾಮೆ ನೀಡಿ ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದರು. ಸಿ.ಡಿ. ದೇಶಮುಖ್ ಅವರು ಮೂರನೆಯ ಪ್ರಮುಖ ಅಭ್ಯರ್ಥಿಯಾಗಿದ್ದರು.

ಇಂದಿರಾ ಗಾಂಧಿಯವರು ಮೊದಲು ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದರು. ಅನಂತರ ಆತ್ಮಸಾಕ್ಷಿಯಂತೆ ಮತ ಹಾಕಬೇಕೆಂಬ ಕರೆ ಅವರ ಕಡೆಯಿಂದ ಹೊರಟಿತು. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಮುಖಂಡರೊಡನೆ ಮಾತುಕತೆ ನಡೆಸಿದ್ದರು. ಆದ್ದರಿಂದ ಎರಡೂ ಬಣಗಳ ಕೈಯಲ್ಲಿ ಒಂದೊಂದು ಆಪಾದನೆ ಇತ್ತು. ಒಂದು ಬಣದ ಪ್ರಕಾರ ಪ್ರಧಾನಿ ಸಹಿ ಮಾಡಿ ಮಾತು ತಪ್ಪಿದರು. ಇನ್ನೊಂದರ ಪ್ರಕಾರ ಅಧ್ಯಕ್ಷರು ವಿರೋಧಿಗಳೊಡನೆ ಒಳ ಒಪ್ಪಂದ ಮಾಡಿಕೊಂಡರು. ಆಗಸ್ಟ್ ೧೬ರಂದು ಮತದಾನ ನಡೆಯಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮ ಮತಮೌಲ್ಯ ದೊರಕಿತು. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆ ೪,೨೦,೦೭೭ಕ್ಕೆ ೪,೦೫,೪೨೭ರಂತೆ ಗಿರಿ ಗೆದ್ದರು. ಅದೇ ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು.

ಗಮನಿಸಬೇಕಾದ ಸಂಗತಿಯೆಂದರೆ ಈ ಎರಡು ಆಪಾದನೆಗಳೂ ಮೂಲದಲ್ಲಿ ಕ್ರಿಯೆಯನ್ನು ಕುರಿತವು. ಸಹಿ ಮಾಡಿದರೇ, ಮಾತುಕತೆ ನಡೆಸಿದರೇ, ಯಾವಾಗ, ಯಾರೊಡನೆ ಎಂದು ಕೇಳಬಹುದು, ಉತ್ತರವನ್ನು ಪರೀಕ್ಷಿಸಬಹುದು. ಆದರೆ ರಾಜಕೀಯ ವಾದದಲ್ಲಿ ಅವು ಆ ರೂಪದಲ್ಲಿ ಉಳಿಯಲಿಲ್ಲ. 'ಪ್ರತಿಗಾಮಿ', 'ಸಿಂಡಿಕೇಟಿನವರು', 'ಸರ್ವಾಧಿಕಾರಿ' ಮೊದಲಾದ ನಾಮಪದಗಳು ಕ್ರಿಯಾಪದಗಳ ಸ್ಥಾನವನ್ನು ಆಕ್ರಮಿಸಿದವು. ಈ ಸ್ಥಾನಪಲ್ಲಟದ ವ್ಯಾಕರಣವೇ ಮುಂದಿನ ವಿಭಾಗದ ವಿಷಯ.

೩. ಇಲ್ಲ ಮತ್ತು ಅಲ್ಲ

ಕೆಳಗಿನ ಎರಡು ವಾಕ್ಯಗಳನ್ನು ಹೋಲಿಸಬಹುದು.

(೧) ಅವರು ಸುಳ್ಳು ಹೇಳಿದರು.
(೨) ಅವರು ಸುಳ್ಳುಗಾರರು.

ಮೊದಲನೆಯದರಲ್ಲಿ ಭೂತಕಾಲದ ಕ್ರಿಯಾಪದವಿದೆ. ಅದರ ಹಿಂದೆ 'ನಿನ್ನೆ', 'ಸಭೆಯಲ್ಲಿ' ಎಂಬ ಪದಗಳನ್ನು ಸೇರಿಸಬಹುದು. ಎರಡನೆಯದು ನಾಮಪದವನ್ನೇ ಆಖ್ಯಾತವಾಗಿ ಉಳ್ಳ ವಾಕ್ಯ. ಅಲ್ಲಿ ಕ್ರಿಯಾಪದವಿಲ್ಲ, ಆದ್ದರಿಂದ ಕಾಲಪ್ರತ್ಯಯಕ್ಕೆ ನೆಲೆಯಿಲ್ಲ. 'ನಿನ್ನೆ ಅವರು ಸುಳ್ಳುಗಾರರು' ಎಂದರೆ ಕಿವಿಗೆ ಒಪ್ಪುವುದಿಲ್ಲ. 'ಆಗಿದ್ದರು' ಎಂಬ ಕ್ರಿಯಾಪದವನ್ನು ತಂದ ಮೇಲಷ್ಟೇ ಕಾಲ ಬರುತ್ತದೆ. ಕಾಲವಿಲ್ಲದ ಮಾತು ಸಾರ್ವಕಾಲಿಕ ಸತ್ಯದ ಭಾವನೆಯನ್ನು ಹುಟ್ಟಿಸುತ್ತದೆ. ಲಂಚಕೋರ, ಮಾನಗೇಡಿ, ಮೋಸಗಾರ ಮುಂತಾದ ಪದಗಳಲ್ಲಿನ -ಕೋರ, -ಗೇಡಿ, -ಗಾರ ಪ್ರತ್ಯಯಗಳು ಒಂದು ಕೃತ್ಯವನ್ನು ಆಳಿನ ಗುಣವಾಗಿ ಮಾರ್ಪಡಿಸುವ ಸಾಧನಗಳು. ಪ್ರಶಂಸೆಗೂ ಇದೇ ನಿಯಮ: 'ಅವರು ಪ್ರಾಮಾಣಿಕರು' ಎಂಬುದರಲ್ಲೂ ಕಾಲವಿಲ್ಲ.

ಈ ಎರಡು ಬಗೆಯ ವಾಕ್ಯಗಳ ನಿಷೇಧರೂಪಗಳೂ ಬೇರೆ.

(೩) ಅವರು ಸುಳ್ಳು ಹೇಳಲಿಲ್ಲ.
(೪) ಅವರು ಸುಳ್ಳುಗಾರರಲ್ಲ.

ಘಟನೆಯನ್ನು ಅಲ್ಲಗಳೆಯುವುದು 'ಇಲ್ಲ'. ತಾದಾತ್ಮ್ಯವನ್ನು ಅಲ್ಲಗಳೆಯುವುದು 'ಅಲ್ಲ'. ಇದು ಕನ್ನಡ ಬಲ್ಲ ಮಗುವಿಗೂ ಗೊತ್ತಿರುವ ಭೇದ. ಹೀಗಿದ್ದೂ ಪಕ್ಷವಾದದ ಸಂಭಾಷಣೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

(೫) ಅ: ದುಡ್ಡು ತಿಂದವ್ರೆ ಕಣಣ್ಣ.
  ಆ: ಅವ್ರು ಅಂಥೋರಲ್ಲ ಬಿಡಪ್ಪ.

'ಅ' ಎಂಬುವವರ ಮಾತಿಗೆ ನೇರ ನಿಷೇಧ 'ತಿಂದಿಲ್ಲ'. 'ಆ' ಕೊಟ್ಟದ್ದು 'ಅಲ್ಲ'. ಕೇಳಿದ್ದು ಕೃತ್ಯವನ್ನು ಕುರಿತು, ಉತ್ತರ ಬಂದದ್ದು ಸ್ವಭಾವವನ್ನು ಕುರಿತು. ಇದನ್ನು ಸುಳ್ಳು ಎನ್ನಲಾಗದು, ಉತ್ತರ ಎನ್ನಲೂ ಆಗದು. ಆಪಾದಿಸುವವರೂ ಇದೇ ಹಾದಿ ಹಿಡಿಯುತ್ತಾರೆ: ಒಂದು ಕೃತ್ಯ ಸಾಬೀತಾದ ಕೂಡಲೇ 'ಅವರು ಅಂಥವರೇ' ಎಂದು -ಏ ಪ್ರತ್ಯಯದಿಂದ ಮುದ್ರೆಯೊತ್ತುತ್ತಾರೆ. ಸ್ವಭಾವದಿಂದ ಕೃತ್ಯವನ್ನು ನಿರಾಕರಿಸುವುದೂ ಕೃತ್ಯದಿಂದ ಸ್ವಭಾವವನ್ನು ನಿರ್ಣಯಿಸುವುದೂ ಒಂದೇ ಜಿಗಿತದ ಎರಡು ದಿಕ್ಕುಗಳು.

ಮೂರನೆಯ ಬಗೆಯ ಉತ್ತರವೊಂದಿದೆ: 'ನಿಮ್ಮೋರೂ ತಿಂದವ್ರೆ'. ಇಲ್ಲಿರುವ -ಊ ಸಮುಚ್ಚಯಾರ್ಥಕ. ಮತ್ತೊಬ್ಬರು ತಿಂದಿದ್ದಾರೆ ಎಂಬ ಪೂರ್ವಗೃಹೀತವಿಲ್ಲದೆ ಅದು ನಿಲ್ಲುವುದಿಲ್ಲ. ಅಂದರೆ ಎದುರಾಳಿಯ ಬಾಯಿ ಮುಚ್ಚಿಸಲೆಂದು ಆಡಿದ ಈ ವಾಕ್ಯ ತನ್ನವರ ಮೇಲಿನ ಆಪಾದನೆಯನ್ನು ಒಪ್ಪಿಕೊಂಡೇ ಹೊರಡುತ್ತದೆ. ಆಡುವವರಿಗೆ ಇದರ ಅರಿವು ಇರುವುದು ಅಪರೂಪ.

ಗೌರವರೂಪದ ಬದಲಾವಣೆಯನ್ನೂ ಇಲ್ಲಿ ಹೇಳಬೇಕು. 'ಅವರು ಹೇಳಿದರು' ಎಂದು ಆರಂಭವಾದ ಮಾತು ವಾದ ಕಾವೇರಿದಂತೆ 'ಅವನು ಹೇಳಿದ' ಎಂಬಲ್ಲಿಗೆ ಇಳಿಯುತ್ತದೆ. ಯಾವ ಹೊಸ ಸಂಗತಿಯನ್ನೂ ಹೇಳದೆ ಚಾರಿತ್ರ್ಯದ ಮೇಲೆ ತೀರ್ಪು ಕೊಡುವ ವಿಧಾನವಿದು.

೪. ಅಂತೆ ಕಳಚಿದಾಗ

ಕೇಳಿ ತಿಳಿದ ಸಂಗತಿಯನ್ನು ಸೂಚಿಸಲು ಕನ್ನಡದಲ್ಲಿ -ಅಂತೆ ಎಂಬ ರೂಪವಿದೆ. 'ದುಡ್ಡು ತಿಂದವ್ರಂತೆ' ಎಂದವರು ಎರಡು ವಿಷಯ ತಿಳಿಸುತ್ತಾರೆ: ಸುದ್ದಿ ಇದು, ಮತ್ತು ಇದನ್ನು ನಾನು ಕಂಡಿಲ್ಲ. ಇಂಥ ಮಾತುಗಳ ರಾಶಿಗೆ 'ಅಂತೆಕಂತೆ' ಎಂಬ ಹೆಸರೇ ಹುಟ್ಟಿಕೊಂಡಿದೆ. ಒಂದು ವ್ಯಾಕರಣಾಂಶ ಗಾಳಿಮಾತಿಗೆ ನಾಮಪದವಾದದ್ದು ಕನ್ನಡಿಗರ ಭಾಷಾಪ್ರಜ್ಞೆಗೆ ಸಾಕ್ಷಿ.

ತೊಡಕು ಇರುವುದು ಈ ರೂಪದ ಬಾಳಿಕೆಯಲ್ಲಿ. ಮೊದಲನೆಯವರು 'ತಿಂದವ್ರಂತೆ' ಎನ್ನುತ್ತಾರೆ. ಎರಡನೆಯವರಿಗೆ ಹೇಳಿದವರು ಯಾರೆಂದು ಗೊತ್ತಿದೆ. ಅವರಲ್ಲಿ ನಂಬಿಕೆಯಿದ್ದರೆ 'ತಿಂದವ್ರೆ' ಎಂದುಬಿಡುತ್ತಾರೆ. ಮೂರನೆಯವರು 'ಲಂಚಕೋರ' ಎನ್ನುತ್ತಾರೆ. ಮೂರು ಬಾಯಿ ದಾಟುವಷ್ಟರಲ್ಲಿ ಕೇಳಿದ್ದು ಕಂಡದ್ದಾಗಿ, ಕಂಡದ್ದು ಗುಣವಾಗಿ ನಿಲ್ಲುತ್ತದೆ. ಇವರಲ್ಲಿ ಯಾರೊಬ್ಬರೂ ಸುಳ್ಳು ಹೇಳುವ ಉದ್ದೇಶ ಇಟ್ಟುಕೊಂಡಿರಬೇಕೆಂದೇನೂ ಇಲ್ಲ. ಅನಾಮಧೇಯ ಕರಪತ್ರ ಈ ದಾರಿಯನ್ನು ಇನ್ನಷ್ಟು ಮೊಟಕುಗೊಳಿಸುತ್ತದೆ: ಅಲ್ಲಿ ಹೇಳಿದವರೇ ಇಲ್ಲದ್ದರಿಂದ 'ಯಾರಂದರು?' ಎಂದು ಕೇಳಲು ಎದುರಿಗೆ ಮನುಷ್ಯರಿಲ್ಲ.

೧೯೬೯ರಲ್ಲಿ ನಡೆದದ್ದು ಇದೇ. ಸಂಜೀವ ರೆಡ್ಡಿಯವರ ವೈಯಕ್ತಿಕ ಚಾರಿತ್ರ್ಯವನ್ನು ಹೀಗಳೆಯುವ ಅನಾಮಧೇಯ ಕರಪತ್ರವೊಂದು ಮತದಾರರ ನಡುವೆ ಹರಡಿತು. ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಧಿಕಾರದಲ್ಲಿದ್ದ ರಾಷ್ಟ್ರಪತಿಯೇ ಸಾಕ್ಷಿ ನುಡಿದರು. ಇಂಥ ಕರಪತ್ರ ಕಾನೂನಿನ ಅರ್ಥದಲ್ಲಿ 'ಅನುಚಿತ ಪ್ರಭಾವ' ಆಗುತ್ತದೆಯೇ ಎಂಬುದು ವಾದದ ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು. ೧೯೭೦ರಲ್ಲಿ ಅರ್ಜಿ ವಜಾ ಆಯಿತು. ಅದೇ ರೆಡ್ಡಿಯವರು ೧೯೭೭ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾಗಿ ಆಯ್ಕೆಯಾದರು. ಅವರಿಗೆ ಅಧಿಕಾರ ಬಿಟ್ಟುಕೊಟ್ಟ ಹಂಗಾಮಿ ರಾಷ್ಟ್ರಪತಿ ಕರ್ನಾಟಕದ ಬಿ.ಡಿ. ಜತ್ತಿ. ಕಾಲವಿಲ್ಲದ ವಾಕ್ಯಗಳ ಸಾರ್ವಕಾಲಿಕತೆ ಎಂಟು ವರ್ಷವೂ ಬಾಳಲಿಲ್ಲ.

ಚುನಾವಣಾ ಅಪರಾಧಗಳನ್ನು ಕುರಿತ ಭಾರತೀಯ ದಂಡ ಸಂಹಿತೆಯ ೧೭೧ಜಿ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ ೧೭೫ನೆಯ ಕಲಮು, ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯ ಅಥವಾ ನಡತೆಯ ಬಗ್ಗೆ ಸುಳ್ಳು ಹೇಳಿಕೆ ಕೊಡುವುದನ್ನು ಶಿಕ್ಷಾರ್ಹವೆನ್ನುತ್ತದೆ. ಆದರೆ ಆ ಹೇಳಿಕೆ ಸಂಗತಿಯ ರೂಪದಲ್ಲಿರಬೇಕು. ಹೇಳಿದವರು ಅದನ್ನು ಸುಳ್ಳೆಂದು ತಿಳಿದಿರಬೇಕು, ನಂಬಿರಬೇಕು, ಇಲ್ಲವೆ ನಿಜವೆಂದು ನಂಬದಿರಬೇಕು. ನಮ್ಮ ವಿಂಗಡಣೆಯಲ್ಲಿ ಹೇಳುವುದಾದರೆ ಕಾನೂನಿನ ಕೈಗೆ ಸುಲಭವಾಗಿ ಸಿಗುವುದು (೧)ರ ಬಗೆ. (೨)ರ ಬಗೆ ಅಭಿಪ್ರಾಯವೆಂದು ನುಣುಚಿಕೊಳ್ಳಬಹುದು. ಗೌರವರೂಪದ ಇಳಿತ ಹೇಳಿಕೆಯೇ ಅಲ್ಲ.

೫. ಸಾಕ್ಷಿ, ಪ್ರಮಾಣ, ಪಕ್ಷ

ಈ ವಾದಗಳಲ್ಲಿ ಮರಳಿ ಮರಳಿ ಬರುವ ಮೂರು ಪದಗಳ ಅರ್ಥಚರಿತ್ರೆ ನಮ್ಮ ಗಮನಕ್ಕೆ ಅರ್ಹ. 'ಸಾಕ್ಷಿ' ಎಂದರೆ ಕಣ್ಣಾರೆ ಕಂಡವರು. ಅದು 'ಅಂತೆ'ಗೆ ನೇರ ವಿರುದ್ಧ. ಆದರೆ 'ಆತ್ಮಸಾಕ್ಷಿ'ಯನ್ನು ಪಾಟೀಸವಾಲಿಗೆ ಒಳಪಡಿಸಲಾಗದು. ರಾಷ್ಟ್ರಪತಿ ಚುನಾವಣೆಯ ಮತ ಗುಪ್ತವಾದದ್ದರಿಂದ ಶಾಸಕರು ಆತ್ಮಸಾಕ್ಷಿಯಂತೆ ನಡೆದರೆಂಬುದಕ್ಕೆ ಕ್ಷೇತ್ರದ ಜನರ ಬಳಿ ಇರುವುದು ಅವರ ಮಾತೊಂದೇ. ೨೦೨೨ರಲ್ಲಿ ಯಶವಂತ ಸಿನ್ಹಾ ಅವರು ಆತ್ಮಸಾಕ್ಷಿಯ ಮತ ಕೇಳಿದಾಗಲೂ, ಜಾತ್ಯತೀತ ಜನತಾದಳವು ದ್ರೌಪದಿ ಮುರ್ಮು ಅವರನ್ನು ಬೆಂಬಲಿಸಿದಾಗಲೂ ಈ ಸ್ಥಿತಿ ಬದಲಾಗಿರಲಿಲ್ಲ.

'ಪ್ರಾಮಾಣಿಕ' ಎಂಬುದು 'ಪ್ರಮಾಣ'ದಿಂದ ಬಂದ ಪದ. ಶಾಸ್ತ್ರದಲ್ಲಿ ಪ್ರಮಾಣವೆಂದರೆ ಅರಿವಿನ ಸಾಧನ. ಆಡುಮಾತಿನಲ್ಲಿ ಪ್ರಮಾಣ ಮಾಡುವುದೆಂದರೆ ಆಣೆ ಇಡುವುದು. ೨೦೧೧ರ ಜೂನ್‌ನಲ್ಲಿ ಬಿ.ಎಸ್. ಯಡಿಯೂರಪ್ಪ ಮತ್ತು ಎಚ್.ಡಿ. ಕುಮಾರಸ್ವಾಮಿ ಅವರ ನಡುವಿನ ಆಪಾದನೆಗಳು ಧರ್ಮಸ್ಥಳದಲ್ಲಿ ಆಣೆ ಮಾಡುವ ಸವಾಲಿನವರೆಗೆ ಹೋದದ್ದು, ಇಬ್ಬರೂ ಕ್ಷೇತ್ರಕ್ಕೆ ಹೋಗಿ ಆಣೆ ಮಾಡದೆ ಮರಳಿದ್ದು ಓದುಗರ ನೆನಪಿನಲ್ಲಿರಬಹುದು. ಅರಿವಿನ ಪ್ರಮಾಣ ಸಿಗದ ಕಡೆ ಆಣೆಯ ಪ್ರಮಾಣವನ್ನು ಕೇಳುವ ಸಮಾಜದಲ್ಲಿ ಎರಡು ಅರ್ಥಗಳೂ ಒಂದೇ ಪದದಲ್ಲಿ ನೆಲೆಸಿರುವುದು ಆಕಸ್ಮಿಕವಲ್ಲ.

'ಪಕ್ಷ' ಎಂದರೆ ರೆಕ್ಕೆ, ಕಡೆ. 'ಪಕ್ಷಪಾತ' ಎಂದರೆ ಒಂದು ಕಡೆಗೆ ಬೀಳುವುದು. ಆದರೆ ಶಾಸ್ತ್ರಚರ್ಚೆಯಲ್ಲಿ 'ಪೂರ್ವಪಕ್ಷ'ವೆಂಬ ಕ್ರಮವೂ ಇದೆ: ಎದುರಾಳಿಯ ಮಾತನ್ನು ಅವರು ಒಪ್ಪುವಂತೆ ಮೊದಲು ನಿರೂಪಿಸಿ, ಆಮೇಲೆ ಖಂಡಿಸಬೇಕು. ಪಕ್ಷವೆಂಬ ಪದಕ್ಕೆ ಈ ಹೊಣೆಯೂ ಅಂಟಿಕೊಂಡಿತ್ತೆಂಬುದನ್ನು ಇಂದಿನ ವಾದಗಳು ಮರೆತಿವೆ.

೬. ಉಪಸಂಹಾರ

ನಮ್ಮ ವಿಶ್ಲೇಷಣೆಯಿಂದ ಮೂರು ಸರಳ ಪರೀಕ್ಷೆಗಳು ದೊರೆಯುತ್ತವೆ. 'ಇಲ್ಲ' ಬರಬೇಕಾದಲ್ಲಿ 'ಅಲ್ಲ' ಬಂದಿತೇ? ಮೊದಲು ಇದ್ದ 'ಅಂತೆ' ಎಲ್ಲಿ ಕಳಚಿತು? '-ಊ' ಸೇರಿಸಿದವರು ಏನನ್ನು ಒಪ್ಪಿಕೊಂಡರು? ಇವು ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ಅಭ್ಯರ್ಥಿ ಪ್ರಾಮಾಣಿಕರೋ ಅಲ್ಲವೋ ಎಂಬುದನ್ನು ವ್ಯಾಕರಣ ನಿರ್ಣಯಿಸಲಾರದು. ಆದರೆ ಏನನ್ನು ಹೇಳಲಾಯಿತು, ಅದಕ್ಕೆ ಉತ್ತರ ಬಂದಿತೇ ಎಂಬುದನ್ನು ಅದು ತೋರಿಸಬಲ್ಲದು.

ಇದರ ಮಹತ್ವ ದೆಹಲಿಗಿಂತ ಹುಲಿಕೆರೆಯಲ್ಲಿ ಹೆಚ್ಚು. ದೆಹಲಿಯಲ್ಲಿ ಬಣಗಳು ಒಡೆಯುತ್ತವೆ, ಮತ್ತೆ ಸೇರುತ್ತವೆ. ಊರಿನಲ್ಲಿ ಒಂದೇ ಕೆರೆಯ ನೀರು ಹಾಯಿಸಿಕೊಳ್ಳುವ ಇಬ್ಬರು, ತಾವು ಕಾಣದ ಅಭ್ಯರ್ಥಿಗಾಗಿ, ತಮಗಿಲ್ಲದ ಮತಕ್ಕಾಗಿ ಒಬ್ಬರನ್ನೊಬ್ಬರು 'ಅಂಥವರು' ಎಂದು ಕರೆದರೆ ಮರುದಿನವೂ ಎದುರುಬದುರು ನಡೆಯಬೇಕಾಗುತ್ತದೆ. 'ತಿಂದವ್ರಂತೆ' ಎಂದು ನಿಲ್ಲಿಸಿದವರು ನಾಳೆ ಮಾತನ್ನು ತಿದ್ದಿಕೊಳ್ಳಬಹುದು. ತಿದ್ದಿಕೊಳ್ಳಲು ಬೇಕಾದ ಆ ಒಂದು ಪ್ರತ್ಯಯ ಅವರ ನಾಲಗೆಯಲ್ಲಿ ಆಗಲೇ ಇದೆ.